ಅಣ್ಣನ ಸರತಿ

ಜನವರಿ ೭, ೨೦೨೧. ಗುರುವಾರ. ಟೊರೆನ್ಸ್

ಅಣ್ಣ ಹೋದ. ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ವೈನಿ ಎತ್ತಿಕೊಂಡಳು. ಯೆಸ್, ಯೆಸ್ ಅಂದಳು. ಕಡೆಗೆ ಥ್ಯಾಂಕ್ ಯೂ ಅಂತ ಹೇಳಿ ಕೆಳಗಿಟ್ಟು, ಲೀಲಾ, ಅವರು ಹೋಗ್ಬಿಟ್ರಂತೆ ಅಂದಳು. ಅಳಲಿಲ್ಲ. ಇಬ್ಬರ ಪಾಲಿನದ್ದೂ ನಾನೇ ಅತ್ತೆ.

ಎದೆನೋವು ಅಂತ ಆಂಬುಲೆನ್ಸಿನಲ್ಲಿ ಹೋದವನು. ಊರೆಲ್ಲ ಹಬ್ಬಿರುವ ಆ ರೋಗ ಅವನಿಗೆ ಬಂದಿರಲಿಲ್ಲ. ಆದರೂ ಆಸ್ಪತ್ರೆಯ ಬಾಗಿಲು ಎಲ್ಲರಿಗೂ ಒಂದೇ, ಒಳಗೆ ಬಿಡಲಿಲ್ಲ. ಒಬ್ಬಳೇ ಮಗಳು ಮಧುರಾ ಸ್ಯಾನ್ ಡಿಯೇಗೊದಲ್ಲಿದ್ದಾಳೆ. ಎರಡು ತಾಸಿನ ಹಾದಿ. ಅವಳ ಗಂಡ ನಿತಿನ್‌ಗೆ ಕೋವಿಡ್ ಆಗಿ ಇಬ್ಬರೂ ಮನೆಯೊಳಗೇ ಬಂದಿ. ಅಳುವುದೂ ಫೋನಿನಲ್ಲಿ, ವ್ಯವಹಾರವೂ ಫೋನಿನಲ್ಲಿ. ಈ ಮನೆಯಲ್ಲಿ ಈಗ ನಾವಿಬ್ಬರು ಮುದುಕಿಯರು. ನಾನು ಹೋದ ವರ್ಷ ಫೆಬ್ರವರಿಯಲ್ಲಿ ಅಣ್ಣನ ಸಂಸಾರ ನೋಡಿ ಹೋಗೋಣ ಅಂತ ಬಂದವಳು. ವಿಮಾನ ನಿಂತವು, ನಾನೂ ನಿಂತೆ. ವಿಮಾನ ಮತ್ತೆ ಹೊರಟಾಗ ಅಣ್ಣ ಬಿಡಲಿಲ್ಲ.

ಮಾಡಬೇಕಾದದ್ದು ಮೊದಲು ಮಾಡಿದೆ. ಒಲೆಯ ಮೇಲಿನ ಪಾತ್ರೆ ಎಲ್ಲ ತೆಗೆದು, ಒರೆಸಿ, ಮೇಲೆ ಒಂದು ಬಟ್ಟೆ ಹೊದಿಸಿದೆ. ಹೆಣ ಸುಡುವತನಕ ಮನೆಯಲ್ಲಿ ಒಲೆ ಹಚ್ಚಬಾರದು. ವೈನಿ ಮೈಸೂರಿನವಳು. ಕಲಾವತಿ ಅಂತ ಹೆಸರು. ವಯಸ್ಸಿನಲ್ಲಿ ನನಗಿಂತ ಒಂದು ವರ್ಷ ಚಿಕ್ಕವಳಾದರೂ ಅಣ್ಣನ ಹೆಂಡತಿ, ಹಾಗಾಗಿ ವೈನಿ. ಮದುವೆಯಾಗಿ ಬಂದ ದಿನದಿಂದ ಅವಳ ಸಾರಿಗೂ ನನ್ನ ರೊಟ್ಟಿಗೂ ಜಗಳ. ಆದರೆ ಈ ಪದ್ಧತಿ ಮೈಸೂರಿನಲ್ಲೂ ಹೀಗೇ, ಅಂದಳು.

ಗದಗಿನಲ್ಲಿ ನಮ್ಮಪ್ಪ ಸತ್ತ ದಿನ ನೆನಪಾಗುತ್ತದೆ. ಎದುರು ಮನೆಯ ಗುರುಶಾಂತವ್ವ ತನ್ನ ಒಲೆಯನ್ನೂ ಹಚ್ಚಿರಲಿಲ್ಲ. ಅವರು ಮಣ್ಣು ಮಾಡುವ ಜನ, ನಾವು ಸುಡುವ ಜನ. ಒಲೆಯ ಮಾತಿಗೆ ಬಂದರೆ ಓಣಿ ಎಲ್ಲ ಒಂದೇ. ಹಳ್ಳದ ದಂಡೆಯಲ್ಲಿ ಹೊಗೆ ಎದ್ದದ್ದು ಕಂಡ ಮೇಲೇ ಓಣಿಯಲ್ಲಿ ಹೊಗೆ ಎದ್ದಿತು. ರೊಟ್ಟಿ ಬಡಿಯುವ ಸಪ್ಪಳ ಕೇಳಿ ನಮ್ಮವ್ವ ಆಗ ಅಳಲು ಶುರು ಮಾಡಿದಳು.

ವೈನಿಗೆ ಹೇಳಿದೆ, ಸಂಜೆಯೊಳಗ ಎಲ್ಲಾ ಮುಗೀತದ, ಧೈರ್ಯ ತಗೋರಿ ಅಂತ.

ಜನವರಿ ೯. ಶನಿವಾರ

ಏನೂ ಮುಗಿದಿಲ್ಲ. ಶುರುವೇ ಆಗಿಲ್ಲ.

ಮಧುರಾ ಊರಿನ ಎಲ್ಲ ಶವಸಂಸ್ಕಾರದ ಅಂಗಡಿಗಳಿಗೂ ಫೋನು ಮಾಡಿದ್ದಾಳೆ. ಅಂಗಡಿ ಅಂದರೆ ಬೈಯುತ್ತಾಳೆ, ಫ್ಯೂನರಲ್ ಹೋಮ್ ಅನ್ನಬೇಕಂತೆ. ಎಲ್ಲ ಕಡೆ ಜಾಗವಿಲ್ಲ, ಜಾಗವಿಲ್ಲ. ಕಡೆಗೆ ಚಾಟ್ಸ್‌ವರ್ತ್‌ನಲ್ಲಿ ಗೋದಾಮುಗಳ ನಡುವಿನ ಒಂದು ಹೋಮ್‌ನವರು ಅಣ್ಣನನ್ನು ತೆಗೆದುಕೊಂಡಿದ್ದಾರೆ. ತಂಪು ಕೋಣೆಯಲ್ಲಿ ಇಟ್ಟಿದ್ದಾರಂತೆ. ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಬಿಡದಿದ್ದ ಮನುಷ್ಯ.

ಸುಡಲು ಯಾಕೆ ತಡ ಅಂತ ಕೇಳಿದೆ. ಮಧುರಾ ಪಾಠ ಹೇಳಿದಳು. ಕೆಲವು ರಾಜ್ಯಗಳಲ್ಲಿ ಸತ್ತ ಮೇಲೆ ಇಷ್ಟು ತಾಸು ಸುಡಲೇಬಾರದು ಅಂತ ಕಾಯ್ದೆ ಇದೆಯಂತೆ. ಸುಟ್ಟ ಮೇಲೆ ಅನುಮಾನ ಬಂದರೆ ನೋಡಲು ಏನೂ ಉಳಿಯುವುದಿಲ್ಲವಲ್ಲ, ಅದಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ತಾಸು ಬರೆದಿಟ್ಟಿಲ್ಲ. ಒಳ್ಳೆಯದಾಯಿತು ಅಂದೆ. ಕೇಳಿ ಅತ್ತೆ, ಅಂದಳು. ಇಲ್ಲಿ ಡಾಕ್ಟರು ಸಾವಿನ ಕಾರಣ ಬರೆದು ಸಹಿ ಹಾಕಬೇಕು. ಡಾಕ್ಟರಿಗೆ ಉಸಿರಾಡಲು ಪುರುಸೊತ್ತಿಲ್ಲ. ಆಮೇಲೆ ಕೌಂಟಿಯವರು, ನಮ್ಮ ಕಡೆಯ ಜಿಲ್ಲಾ ಕಚೇರಿ ಇದ್ದ ಹಾಗೆ, ಪರ್ಮಿಟ್ ಕೊಡಬೇಕು. ಆಮೇಲೆ ಸರತಿ.

ಎಂಥಾ ಸರತಿ?

ಇಲ್ಲಿಯ ಗಾಳಿ ಕಾಯುವ ಇಲಾಖೆಯ ನಿಯಮವಂತೆ. ಹೊಗೆಯಿಂದ ಗಾಳಿ ಕೆಡುತ್ತದೆ, ಅದಕ್ಕೆ ಒಂದೊಂದು ದಹನಗೃಹ ತಿಂಗಳಿಗೆ ಇಷ್ಟೇ ಹೆಣ ಸುಡಬೇಕು. ಈಗ ಸಾಯುವವರು ಮಿತಿ ಮೀರಿ ಸಾಯುತ್ತಿದ್ದಾರೆ.

ಕಿಟಕಿಯಿಂದ ನೋಡಿದರೆ ರಸ್ತೆಯ ತುಂಬ ಕಾರು, ಒಂದೊಂದರಲ್ಲಿ ಒಬ್ಬೊಬ್ಬರು. ಆ ಹೊಗೆಗೆ ಸರತಿ ಇಲ್ಲ. ನನ್ನ ಅಣ್ಣನ ಒಬ್ಬನ ಹೊಗೆಯಿಂದ ಈ ಊರಿನ ಆಕಾಶ ಕೆಡುತ್ತದೆ.

ಜನವರಿ ೧೧. ಸೋಮವಾರ

ಊಟಕ್ಕೆ ತೊಂದರೆ ಇಲ್ಲ. ಮೂರು ರಸ್ತೆ ಆಚೆಯ ವಂದನಾ ದಿನಾ ಡಬ್ಬಿ ತಂದು ಬಾಗಿಲಲ್ಲಿಟ್ಟು, ಗಂಟೆ ಒತ್ತಿ, ದೂರ ಹೋಗಿ ನಿಲ್ಲುತ್ತಾಳೆ. ಮಾಸ್ಕಿನೊಳಗಿನಿಂದಲೇ, ಆಂಟಿ ಊಟ ಮಾಡಿ ಅನ್ನುತ್ತಾಳೆ. ಬೆಂಗಳೂರಿನ ಹುಡುಗಿ, ಒಳ್ಳೆಯವಳು. ಬಿಸಿಬೇಳೆಭಾತಿಗೆ ಬೆಲ್ಲ ಸ್ವಲ್ಪ ಹೆಚ್ಚು ಹಾಕುತ್ತಾಳೆ, ಇರಲಿ.

ಡಬ್ಬಿ ಮನೆ ಸೇರುವ ಹೊತ್ತಿಗೆ ಆರಿರುತ್ತದೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಳ್ಳಿ, ಅದರಲ್ಲಿ ಬೆಂಕಿಯೇ ಇಲ್ಲವಲ್ಲ ಅಂತ ಮಧುರಾ ವಾದ ಮಾಡಿದಳು. ನನಗೂ ಹೌದಲ್ಲ ಅನಿಸಿತು. ಆದರೂ ಕೇಳಿಬಿಡುವುದು ಒಳ್ಳೆಯದು ಅಂತ ಗೋಪಿನಾಥ ಆಚಾರ್ಯರಿಗೆ ಫೋನು ಮಾಡಿದೆ. ಅಣ್ಣನ ಮನೆಯ ಎಲ್ಲ ಕಾರ್ಯಕ್ಕೂ ಅವರೇ. ಸ್ವಲ್ಪ ಯೋಚಿಸಿ, ಹಾಲು ಕಾಯಿಸಬಹುದು, ಅಡಿಗೆ ಬೇಡ, ಅಂದರು. ಹತ್ತಿರದವರಿಗೆ ಸೂತಕ ಸತ್ತ ದಿನದಿಂದಲೋ, ದಹನದ ದಿನದಿಂದಲೋ ಅಂತಲೂ ಕೇಳಿದೆ. ಬೆಳಿಗ್ಗೆ ಒಂದು ಹೇಳಿದರು, ಸಂಜೆ ತಾವೇ ಫೋನು ಮಾಡಿ ಇನ್ನೊಂದು ಹೇಳಿದರು. ಇಷ್ಟು ದಿನ ಕಾಯುವ ಹೆಣದ ಬಗ್ಗೆ ಅವರ ಗುರುಗಳೂ ಹೇಳಿಕೊಟ್ಟಿರಲಿಕ್ಕಿಲ್ಲ.

ವೈನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಸಂಜೆ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುತ್ತಾಳೆ. ತಣ್ಣಗಿನ ಅನ್ನ ಎರಡು ತುತ್ತು ತಿಂದು ಸಾಕು ಅನ್ನುತ್ತಾಳೆ. ಹೀಗೆ ಮಾಡಿದರೆ ಹೇಗೆ ಅಂತ ಗದರಿದೆ.

ಫ್ಯೂನರಲ್ ಹೋಮ್‌ನ ಬ್ರೆಂಡಾ ಎಂಬ ಹೆಂಗಸು ಫೋನು ಮಾಡಿದ್ದಳು. ಡಾಕ್ಟರ ಸಹಿ ಆಗಿಲ್ಲ. ಐ ಆಮ್ ಸೋ ಸಾರಿ ಅಂದಳು. ಆ ಮಾತನ್ನು ಹೇಳಲಿಕ್ಕೇ ಇಟ್ಟುಕೊಂಡಿದ್ದಾರೆ ಆಕೆಯನ್ನು.

ಜನವರಿ ೧೪. ಗುರುವಾರ. ಸಂಕ್ರಾಂತಿ

ಹಬ್ಬ ಇಲ್ಲ, ಏನಿಲ್ಲ. ಡಾಕ್ಟರ ಸಹಿ ನಿನ್ನೆ ಆಯಿತು. ಈಗ ಕೌಂಟಿ.

ಮಧ್ಯಾಹ್ನ ನಾನು ಈ ದೇಶದ ಮೂರು ತಲೆಮಾರನ್ನು ಬೈಯುತ್ತ ಕೂತಿದ್ದೆ. ವೈನಿ, ‘ಇವತ್ತಿಂದ ಉತ್ತರಾಯಣ ಅಲ್ವಾ ಲೀಲಾ’ ಅಂದಳು.

‘ಹೌದು.’

‘ಭೀಷ್ಮರು ಉತ್ತರಾಯಣ ಬರೋವರೆಗೂ ಪ್ರಾಣ ಹಿಡ್ಕೊಂಡ್ರು. ನಿಮ್ಮಣ್ಣ ಅವಸರದ ಮನುಷ್ಯ, ಮೊದಲೇ ಹೋದ್ರು. ಈಗ ಕೂತು ಕಾಯಲಿ ಬಿಡು.’

ನನಗೆ ನಗು ಬಂತು, ಅವಳಿಗೂ ಬಂತು. ಹೆಣ ಸುಡದ ಮನೆಯಲ್ಲಿ ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು. ಆಮೇಲೆ ನನಗೆ ಸಿಟ್ಟು ಬಂತು. ಮೈಸೂರಿನವರಿಗೆ ಎಲ್ಲದಕ್ಕೂ ಒಂದು ಚಾಟೋಕ್ತಿ.

ಜನವರಿ ೧೬. ಶನಿವಾರ

ಪೊರಕೆ ಹುಡುಕಲು ಗರಾಜಿಗೆ ಹೋದೆ. ಮೂಲೆಯಲ್ಲಿ ಆಳೆತ್ತರದ ಸ್ನಾನದ ನೀರಿನ ಹಂಡೆ. ಕೆಳಗೆ ಸಣ್ಣ ಗಾಜಿನ ಕಿಂಡಿ. ಬಗ್ಗಿ ನೋಡಿದರೆ ಒಳಗೆ ನೀಲಿ ಬೆಂಕಿ ಉರಿಯುತ್ತಿದೆ.

ಅಣ್ಣ ಸತ್ತ ದಿನದಿಂದಲೂ ಉರಿಯುತ್ತಲೇ ಇದೆ. ಅದು ಕಾಯಿಸಿದ ನೀರಲ್ಲೇ ನಾವು ದಿನಾ ಸ್ನಾನ ಮಾಡಿದ್ದೇವೆ. ಮಧುರಾಗೆ ಫೋನು ಮಾಡಿ ಆರಿಸುವುದು ಹೇಗೆ ಅಂತ ಕೇಳಿದೆ. ಲೀಲತ್ತೆ ಪ್ಲೀಸ್, ಅದನ್ನು ಮುಟ್ಟಬೇಡಿ, ಗ್ಯಾಸ್ ಲೀಕ್ ಆಗುತ್ತೆ, ನಿಮ್ಮಿಬ್ಬರನ್ನೂ ಅಪ್ಪನ ಹಿಂದೆ ಲೈನಿನಲ್ಲಿ ನಿಲ್ಲಿಸಬೇಕಾಗುತ್ತೆ, ಅಂದಳು. ಅಪ್ಪನ ಹಾಗೇ ಮಾತು.

ಆಚಾರ್ಯರನ್ನು ಕೇಳಲಿಲ್ಲ. ವೈನಿಗೂ ಹೇಳಲಿಲ್ಲ. ನಾನು ತಣ್ಣೀರು ಹಾಕಿಕೊಂಡೆ. ಹಲ್ಲು ಕಟಕಟ ಅಂದವು.

ಜನವರಿ ೧೮. ಸೋಮವಾರ

ಮಧುರಾ ಖುಷಿಯಿಂದ ಫೋನು ಮಾಡಿದಳು. ಇಂಥದಕ್ಕೂ ಖುಷಿ ಪಡುವ ಕಾಲ. ಗಾಳಿಯ ಇಲಾಖೆಯವರು ಸದ್ಯಕ್ಕೆ ಮಿತಿ ಎತ್ತಿಹಾಕಿದ್ದಾರಂತೆ. ಎಷ್ಟು ಬೇಕಾದರೂ ಸುಡಬಹುದು.

ಹೆಣಗಳ ರಾಶಿ ಬಿದ್ದ ಮೇಲೆ ಬುದ್ಧಿ ಬಂತು. ಪರ್ಮಿಟ್ ಕೂಡ ಬಂದಿದೆ. ನಾಳೆಯೋ ನಾಡಿದ್ದೋ ಕರೆಯುತ್ತಾರೆ. ಹಾಲು ಬೆಲ್ಲ ಎಲ್ಲ ಇದೆಯೋ ಇಲ್ಲವೋ ನೋಡಿ ಇಟ್ಟೆ. ಸುಟ್ಟು ಬಂದು, ಸ್ನಾನ ಮಾಡಿ, ಮೊದಲು ಬೇಳೆ ಬೇಯಿಸುವುದು. ವೈನಿ ಕೈಯಲ್ಲಿ ಸಾರು ಮಾಡಿಸಬೇಕು, ತಾನೇ ಮಾಡಿದ್ದಾದರೆ ತಿಂದಾಳು.

ಜನವರಿ ೧೯. ಮಂಗಳವಾರ

ಬ್ರೆಂಡಾ ಫೋನು ಮಾಡಿದಳು. ಈಗ ಹಗಲು ರಾತ್ರಿ ಒಲೆ ಉರಿಯುತ್ತಿವೆ, ನಾಳೆ ರಾತ್ರಿ ಒಂಬತ್ತಕ್ಕೆ ಒಂದು ಜಾಗ ಖಾಲಿ ಇದೆ, ಒಪ್ಪಿಗೆಯೇ ಅಂತ ಕೇಳಿದಳು. ಮಿಸೆಸ್ ಒಪ್ಪಿಗೆಯೇ ಬೇಕು ಅಂದಳು. ವೈನಿ ಫೋನಿನ ಬಾಯಿಗೆ ಕೈ ಅಡ್ಡ ಇಟ್ಟು ನನ್ನ ಮುಖ ನೋಡಿದಳು.

‘ರಾತ್ರಿ ಅಂತೆ’ ಅಂದಳು.

‘ಹೊತ್ತು ಮುಳುಗಿದ ಮ್ಯಾಲೆ ಬೆಂಕಿ ಕೊಡೂದು ಎಲ್ಲೆರೆ ಅದ ಏನು ವೈನಿ? ಅಣ್ಣ ಏನು ಅನಾಥ ಹೆಣ ಏನು?’

ವೈನಿ ಫೋನು ನನ್ನ ಕೈಗೆ ಕೊಟ್ಟಳು. ನನಗೆ ಬರುವ ಇಂಗ್ಲಿಷಿನಲ್ಲಿ, ನೋ ನೈಟ್, ಡೇ ಓನ್ಲಿ ಅಂದೆ. ಬ್ರೆಂಡಾಗೆ ಅರ್ಥವಾಯಿತು. ಮಿಸೆಸ್ ಬಾಯಿಂದ ಕೇಳಬೇಕು ಅಂದಳು. ವೈನಿ ಫೋನು ತಿರುಗಿ ತಗೊಂಡು, ಓಕೆ, ನೋ ಅಂದಳು.

ಹಗಲಿನ ಜಾಗ ಫೆಬ್ರವರಿ ನಡುವಿಗೆ ಮೊದಲು ಇಲ್ಲವಂತೆ. ಏನು ಜನ ಇವರು. ಒಬ್ಬ ಮನುಷ್ಯನಿಗೆ ಒಂದು ಹಗಲು ಕೊಡಲಾರರು.

ಆಚಾರ್ಯರು ನಾನು ಮಾಡಿದ್ದೇ ಸರಿ ಅಂದರು. ಮಧುರಾ ಫೋನಿನಲ್ಲಿ ಕೂಗಾಡಿದಳು, ಅರ್ಧ ಇಂಗ್ಲಿಷು, ಅರ್ಧ ಅಳು. ಅಲ್ಲಿಯ ದಹನ ಮುಚ್ಚಿದ ಪೆಟ್ಟಿಗೆಯೊಳಗೆ ಆಗುವುದು, ಒಳಗೆ ಸೂರ್ಯ ಎಲ್ಲಿ ಕಾಣುತ್ತಾನೆ ಅತ್ತೆ, ಅಂದಳು. ಚಿಕ್ಕವಳು, ಇಲ್ಲೇ ಹುಟ್ಟಿ ಬೆಳೆದವಳು. ನಾನು ವಾದ ಮಾಡಲಿಲ್ಲ.

ಜನವರಿ ೨೧. ಗುರುವಾರ

ವಂದನಾಳ ಮನೆಯಲ್ಲಿ ಎಲ್ಲರಿಗೂ ಜ್ವರ. ಡಬ್ಬಿ ಇಲ್ಲ. ಬೇರೆ ಯಾರನ್ನಾದರೂ ಕಳಿಸುತ್ತೇನೆ ಆಂಟಿ ಅಂದಳು ಪಾಪ, ಕೆಮ್ಮುತ್ತ. ಬೇಡವ್ವಾ ಅಂದೆ. ಬ್ರೆಡ್ಡು ಇದೆ, ಬಾಳೆಹಣ್ಣು ಇದೆ, ಮೊಸರಿದೆ.

ಹೋಟೆಲಿನಿಂದ ತರಿಸಿ ಅಂತ ಮಧುರಾ. ಬಂತು. ವೈನಿ ವಾಸನೆ ನೋಡಿ ಪಕ್ಕಕ್ಕಿಟ್ಟಳು.

ಬ್ರೆಂಡಾ ಫೋನು ಮಾಡಿಲ್ಲ. ನಾನೇ ಮಾಡಿದೆ. ಯಂತ್ರ ಮಾತಾಡಿತು.

ಜನವರಿ ೨೨. ಶುಕ್ರವಾರ

ಬೆಳಿಗ್ಗೆ ವೈನಿ ಅಡಿಗೆಮನೆಯಲ್ಲಿ ಬಿದ್ದಿದ್ದಳು. ಹಣೆ ಎಲ್ಲ ಬೆವರು, ಮೈ ತಣ್ಣಗೆ. ಸೂಜಿ ಚುಚ್ಚಿಕೊಂಡು ಅರ್ಧ ಬಾಳೆಹಣ್ಣು ತಿಂದಿದ್ದಾಳೆ, ಉಳಿದರ್ಧ ಅಲ್ಲೇ ಇತ್ತು. ಲೀಲಾ ಅಂತ ಕರೆದಳಂತೆ, ನನಗೆ ಕೇಳಿಸಲಿಲ್ಲ. ನಾನು ಫೋನಿನಲ್ಲಿದ್ದೆ, ಬ್ರೆಂಡಾನ ಯಂತ್ರದ ಹಾಡು ಕೇಳುತ್ತ.

ಸಕ್ಕರೆ ನೀರು ಕಲಸಿ ಚಮಚದಲ್ಲಿ ಹಾಕಿದೆ. ಮೊದಲಿಗೆ ತುಟಿಯಿಂದ ಸುರಿದುಹೋಯಿತು. ಆಮೇಲೆ ನುಂಗಿದಳು. ಕಣ್ಣು ಬಿಟ್ಟ ಮೇಲೆ ಆಂಬುಲೆನ್ಸ್ ಕರೀತೇನಿ ಅಂದೆ. ನನ್ನ ಮೊಣಕೈ ಗಟ್ಟಿ ಹಿಡಿದಳು.

‘ಬೇಡ. ಅದರಲ್ಲಿ ಹೋದೋರು ವಾಪಸ್ ಬರಲ್ಲ.’

ಮಧುರಾ ಅಲ್ಲಿಂದಲೇ ಒಬ್ಬ ಡಾಕ್ಟರನ್ನು ವಿಡಿಯೋದಲ್ಲಿ ಕರೆಸಿದಳು. ನನ್ನ ಕೈಯಿಂದ ಅವಳ ಬೆರಳು ಚುಚ್ಚಿಸಿ ನೋಡಿ, ಸಕ್ಕರೆ ಏರುತ್ತಿದೆ, ತಕ್ಷಣ ಊಟ ಕೊಡಿ, ಬಿಸಿಯಾದದ್ದು, ಅನ್ನದಂಥದ್ದು, ಅಂದರು.

ಅಕ್ಕಿ ತೊಳೆದೆ. ಬಟ್ಟೆ ತೆಗೆದು ನೋಡಿದರೆ ನಾಲ್ಕು ತಿರುಗಣೆ, ಇಷ್ಟು ದಿನ ಹಚ್ಚಿಕೊಡುತ್ತಿದ್ದವಳು ವೈನಿ, ಯಾವುದು ಯಾವ ಒಲೆಯದು ಅಂತ ತಿಳಿಯಲಿಲ್ಲ. ತಿರುಗಿಸಿದರೆ ಟಕಟಕ ಅನ್ನುತ್ತದೆ, ಹತ್ತುವುದಿಲ್ಲ. ವೈನಿ ಮಲಗಿದಲ್ಲಿಂದಲೇ, ಒತ್ತಿ ತಿರುಗಿಸಬೇಕು ಲೀಲಾ, ಅಂದಳು. ಹತ್ತಿತು. ಗಂಜಿ ತೆಳ್ಳಗೆ ಆಯಿತು, ಉಪ್ಪು ಹೆಚ್ಚಾಯಿತು. ಎರಡು ಬಟ್ಟಲು ಕುಡಿದಳು. ಗದಗಿನ ಗಂಜಿಗೆ ರುಚಿ ಅನ್ನೋದೇ ಇಲ್ಲ ಅಂದಳು. ಮಾತು ಬಂತಲ್ಲ, ಸಾಕು.

ಈ ಡಾಕ್ಟರುಗಳಿಗೆ ಗೊತ್ತಿರಬೇಕಿತ್ತು. ಸೂಜಿ ಎಷ್ಟು, ಊಟ ಎಷ್ಟು ಅಂತ ಸರಿಯಾಗಿ ತಿಳಿಸಿ ಹೇಳುವುದಿಲ್ಲ.

ಜನವರಿ ೨೩. ಶನಿವಾರ

ಮಧುರಾ ಬಂದಳು. ನಿತಿನ್ ಹುಷಾರಾಗಿದ್ದಾನೆ, ಇವಳ ಬಂದಿವಾಸವೂ ಮುಗಿದಿದೆ. ಬಾಗಿಲಲ್ಲೇ ನಿಂತು ಅಮ್ಮನನ್ನು ಅಪ್ಪಿಕೊಳ್ಳಬೇಕೋ ಬೇಡವೋ ಅಂತ ಒಂದು ಗಳಿಗೆ ನೋಡಿದಳು. ಆಮೇಲೆ ಬಿಡಲೇ ಇಲ್ಲ.

ರವೆ ಹುರಿದು ಉಪ್ಪಿಟ್ಟು ಮಾಡುತ್ತಿದ್ದೆ. ಹೊರಗೆ ತಾಯಿ ಮಗಳ ಮಾತು ಕೇಳುತ್ತಿತ್ತು. ಮಧುರಾ ದಾರಿಯಲ್ಲಿ ಬ್ರೆಂಡಾ ಜೊತೆ ಮಾತಾಡಿಕೊಂಡು ಬಂದಿದ್ದಾಳೆ. ಇಲ್ಲಿಯ ಕಾಯ್ದೆಯಲ್ಲಿ ಗಂಡನ ಹೆಣದ ವಿಷಯಕ್ಕೆ ಹೆಂಡತಿಯ ಮಾತೇ ಮಾತಂತೆ. ಮಗಳದ್ದೂ ನಡೆಯುವುದಿಲ್ಲ, ತಂಗಿಯದ್ದೂ ನಡೆಯುವುದಿಲ್ಲ.

‘ಅಮ್ಮಾ, ಅವತ್ತು ನೀನ್ಯಾಕೆ ಬೇಡ ಅಂದೆ?’

‘ನಾನೆಲ್ಲಿ ಬೇಡ ಅಂದೆ’ ಅಂದಳು ವೈನಿ.

ಒಗ್ಗರಣೆ ಸೀದುಹೋಯಿತು. ಮತ್ತೆ ಹೊಸದಾಗಿ ಹಾಕಬೇಕಾಯಿತು. ಈ ಒಲೆಯ ಉರಿ ಸಣ್ಣ ಮಾಡಿದರೆ ಆರುತ್ತದೆ, ದೊಡ್ಡ ಮಾಡಿದರೆ ಸುಡುತ್ತದೆ.

ಜನವರಿ ೨೪. ಭಾನುವಾರ

ವೈನಿ ಸಮುದ್ರ ನೋಡಬೇಕು ಅಂದಳು. ಮಧುರಾ ಸ್ಯಾನ್ ಪೀಡ್ರೊ ಗುಡ್ಡಕ್ಕೆ ಡ್ರೈವ್ ಮಾಡಿದಳು. ಅಣ್ಣ ನಿವೃತ್ತನಾಗುವವರೆಗೆ ಕೆಲಸ ಮಾಡಿದ್ದು ಆ ಬಂದರಿನ ಆಫೀಸಿನಲ್ಲಿ. ಯಾವ ಹಡಗು ಯಾವಾಗ ಒಳಗೆ ಬರಬೇಕು ಅಂತ ಹೊಂದಿಸುವ ಕೆಲಸ.

ನೀರಿನ ಮೇಲೆ ಕಣ್ಣು ಹೋದಷ್ಟು ದೂರ ಹಡಗುಗಳು ನಿಂತಿದ್ದವು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಹೊತ್ತುಕೊಂಡು, ಹಿಂದೆ ಮುಂದೆ ಅಲುಗದೆ. ಇಳಿಸುವವರಿಲ್ಲ, ಅದಕ್ಕೆ ಕಾಯುತ್ತಿವೆಯಂತೆ. ಇದನ್ನು ನೋಡಿದ್ದರೆ ಅಪ್ಪ ಯಾರಿಗಾದರೂ ಫೋನು ಮಾಡಿ ಬೈಯುತ್ತಿದ್ದರು ಅಂದಳು ಮಧುರಾ. ವೈನಿ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿಕೊಂಡು ಕೂತಿದ್ದಳು. ನಾನೂ ಒಳಗೇ ಕೂತೆ. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ ಮೂವರೂ ತಿಂದೆವು. ಮೈಸೂರಿನವರು ಚಪಾತಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಅದರಲ್ಲೂ ಇವಳು. ಬೈದೆ. ಅರ್ಧ ಚಮಚ ಕಣೇ ಅಂದಳು.

ಸಂಜೆ ಆಚಾರ್ಯರ ಫೋನು. ಮನೆಯಲ್ಲಿ ನಿಯಮ ಎಲ್ಲ ನಡೆದಿದೆಯಲ್ಲ ಅಂದರು. ನಿಮ್ಮ ಮನೆಯಲ್ಲಿ ಇವತ್ತು ಏನು ಅಡಿಗೆ ಆಚಾರ್ಯರೇ, ಅಂತ ಕೇಳಿದೆ. ಅವರೆಕಾಳು ಹುಳಿ ಅಂದರು. ಒಳ್ಳೆಯದು ಅಂತ ಹೇಳಿ ಇಟ್ಟೆ.

ಜನವರಿ ೨೬. ಮಂಗಳವಾರ

ಮಧುರಾ ಹೊಸ ದಾರಿ ಹುಡುಕಿದ್ದಾಳೆ. ಸ್ಯಾನ್ ಡಿಯೇಗೊದ ಗಾಳಿಗೆ ಬೇರೆ ಇಲಾಖೆ, ಅಲ್ಲಿ ಇಷ್ಟು ಸರತಿ ಇಲ್ಲ. ಅವಳ ಮನೆಯ ಹತ್ತಿರದ ಒಂದು ಹೋಮ್‌ನವರು ಅಣ್ಣನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಆದರೆ ಕೈಯಲ್ಲಿರುವ ಪರ್ಮಿಟ್‌ನಲ್ಲಿ ಚಾಟ್ಸ್‌ವರ್ತ್ ಅಂತ ಬರೆದಿದೆ. ಬದಲಾಯಿಸಲು ಮತ್ತೆ ಅಪ್ಲೈ ಮಾಡಬೇಕು. ಸುಡುವ ಜಾಗ ಬದಲಾದರೆ ಸತ್ತವನು ಬದಲಾಗುತ್ತಾನೆಯೇ? ಕೇಳಿದರೆ ಮಧುರಾ ನಕ್ಕಳು. ಲೀಲತ್ತೆ, ನಿಮ್ಮನ್ನು ಕೌಂಟಿ ಆಫೀಸಿನ ಮುಂದೆ ಕೂರಿಸಬೇಕು ಅಂದಳು.

ಕೂರುತ್ತಿದ್ದೆ. ಆಫೀಸು ತೆರೆದಿದ್ದರಲ್ಲವೇ.

ಜನವರಿ ೨೭. ಬುಧವಾರ

ಪರ್ಮಿಟ್ ಬದಲಾಯಿತು ಅಂತ ಮಧ್ಯಾಹ್ನ ಬ್ರೆಂಡಾ ಹೇಳಿದಳು. ಹಿಂದೆಯೇ ಸ್ಯಾನ್ ಡಿಯೇಗೊದವರ ಫೋನು. ಗಂಡಸಿನ ಧ್ವನಿ. ಮಧುರಾ ಸ್ನಾನಕ್ಕೆ ಹೋಗಿದ್ದಳು, ನಾನು ಎತ್ತಿದೆ. ನಾಡಿದ್ದು ಶುಕ್ರವಾರ, ಸಂಜೆ ಆರೂವರೆಗೆ, ಅಂದ. ಅದನ್ನು ಬಿಟ್ಟರೆ ಮುಂದಿನ ವಾರದ ಮಾತು ಹೇಳಲಾರೆ ಅಂದ.

ಈ ತಿಂಗಳಲ್ಲಿ ಆರೂವರೆಗೆ ಕತ್ತಲೆ.

ವೈನಿ ಸೋಫಾದ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವನು ಆಚೆಯಿಂದ ಹಲೋ, ಹಲೋ ಅನ್ನುತ್ತಿದ್ದ. ಹೋಗಿ ಫೋನು ಅವಳ ಕೈಗೆ ಕೊಟ್ಟೆ.

‘ನಿಮ್ಮನ್ನ ಕೇಳ್ಲಿಕ್ಕೆ ಹತ್ಯಾನ’ ಅಂದೆ.

‘ಏನಂತೆ?’

‘ಸಂಜಿಮುಂದ ಅಂತ. ಹೊತ್ತು ಮುಳುಗಿರ್ತದ. ನಿಮಗ ಹ್ಯಾಂಗ ಅನಸ್ತದ ಹಂಗ ಹೇಳ್ರಿ.’

ಫೋನು ಕಿವಿಗಿಟ್ಟುಕೊಂಡಳು. ನಾನು ಹಾಲು ಉಕ್ಕುತ್ತದೆ ಅಂತ ಒಳಗೆ ಬಂದೆ. ಹಾಲು ಇನ್ನೂ ಬಿಸಿಯೇ ಆಗಿರಲಿಲ್ಲ. ಅಲ್ಲೇ ನಿಂತೆ. ಹೊರಗಿನಿಂದ ಅವಳ ಧ್ವನಿ ಕೇಳಿತು. ‘ಯೆಸ್. ಐ ಆಮ್ ಹಿಸ್ ವೈಫ್. ಯೆಸ್.’

ಇಷ್ಟು ಜೋರಾಗಿ ಅವಳು ಮಾತಾಡುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಕಿವಿ ಮಂದವಾಗಿರಬೇಕು ಆ ಮನುಷ್ಯನಿಗೆ.

ರಾತ್ರಿ ಆಚಾರ್ಯರಿಗೆ ನಾನೇ ಹೇಳಿದೆ. ಅವರು ಶುರು ಮಾಡಿದರು. ವೈನಿ ಹೂಂ ಅಂದಾರ, ನಿಮಗ ಆಗೂದಿದ್ರ ಬರ್ರಿ, ಇಲ್ಲಾಂದ್ರ ಇಲ್ಲ, ಅಂದೆ. ಜೂಮಿನಲ್ಲಿ ಬರುತ್ತೇನೆ ಅಂದರು.

ಜನವರಿ ೨೯. ಶುಕ್ರವಾರ. ಸ್ಯಾನ್ ಡಿಯೇಗೊ

ಆಯಿತು.

ಹೊರಗೆ ಕಾರಿನಲ್ಲಿ ಕೂತಿದ್ದೆವು. ಬೆಳಿಗ್ಗೆಯಿಂದ ಮಳೆ. ಹೊತ್ತು ಮುಳುಗಿದ ಮೇಲೆ ಒಳಗೆ ಕರೆದರು. ಅಣ್ಣನ ಮುಖ ನೋಡಲು ಬಿಟ್ಟರು. ಸಣ್ಣ ಆಗಿದ್ದ. ವೈನಿ ಅವನ ಮಫ್ಲರ್ ತಂದಿದ್ದಳು, ಕುತ್ತಿಗೆಗೆ ಸುತ್ತಿ ಗಂಟು ಹಾಕಿದಳು, ಸಡಿಲ ಅನಿಸಿತೇನೋ, ಬಿಚ್ಚಿ ಮತ್ತೆ ಹಾಕಿದಳು. ಯಾರೂ ಅವಸರ ಮಾಡಲಿಲ್ಲ. ಮಧುರಾ ಒಲೆಯ ಗುಂಡಿ ಒತ್ತಿದಳು. ಆಚಾರ್ಯರು ಮಂತ್ರದ ನಡುವೆ ಫೋನಿನಲ್ಲಿ ಬಾಯಿ ತೆರೆದುಕೊಂಡು ನಿಂತುಬಿಟ್ಟರು, ನೆಟ್‌ವರ್ಕ್ ಇಲ್ಲ. ನಿತಿನ್ ಆ ಫೋನು ಜೇಬಿಗೆ ಹಾಕಿಕೊಂಡ.

ಹೊರಗೆ ಬಂದು ಮೇಲೆ ನೋಡಿದೆ. ಹೊಗೆ ಕಾಣಲಿಲ್ಲ. ಹೊಗೆ ಕಾಣದ ಹಾಗೇ ಕಟ್ಟಿದ್ದಾರಂತೆ. ಮತ್ತೆ ಯಾಕೆ ಅಷ್ಟು ಕಾಯಿಸಿದರು?

ಮಧುರಾ ಮನೆಗೆ ಬಂದು ಸ್ನಾನ ಮಾಡಿದೆವು. ವೈನಿ ಸಾರು ಮಾಡಿದಳು. ಅನ್ನ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಅಲ್ಲಿಯವರೆಗೆ ಬಾರದ ಅಳು ಅವಳಿಗೆ ಆಗ ಬಂತು. ನಾವು ಯಾರೂ ಸುಮ್ಮನಿರು ಅನ್ನಲಿಲ್ಲ. ಅತ್ತು ಮುಗಿಸುವಷ್ಟರಲ್ಲಿ ಕೈ ಒಣಗಿತ್ತು, ಮತ್ತೆ ಸಾರು ಹಾಕಿಸಿಕೊಂಡಳು.

ಫೆಬ್ರವರಿ ೨. ಮಂಗಳವಾರ. ಟೊರೆನ್ಸ್

ಮತ್ತೆ ನಾವಿಬ್ಬರೇ. ಮಧುರಾ ಬಿಟ್ಟು ಹೋದಳು, ಶನಿವಾರ ಬರುತ್ತಾಳೆ. ವಂದನಾ ಎದ್ದು ಓಡಾಡುತ್ತಿದ್ದಾಳೆ. ನಿನ್ನೆ ಅವಳ ಮನೆ ಬಾಗಿಲಿಗೆ ನಾವು ಡಬ್ಬಿ ಇಟ್ಟು ಬಂದೆವು, ರೊಟ್ಟಿ ನನ್ನದು, ಸಾರು ವೈನಿಯದು. ಎರಡೂ ಒಟ್ಟಿಗೆ ತಿನ್ನುವ ಪದಾರ್ಥವಲ್ಲ ಅಂತ ದಾರಿಯುದ್ದಕ್ಕೂ ಹೇಳಿದೆ.

ಇವತ್ತು ಹನ್ನೊಂದು ಗಂಟೆಗೆ ಫೋನು. ಚಾಟ್ಸ್‌ವರ್ತ್‌ನ ದಹನಗೃಹದವರು. ಬ್ರೆಂಡಾ ಅಲ್ಲ, ಎಳೆಯ ಹುಡುಗಿಯ ಧ್ವನಿ. ಮಿಸ್ಟರ್ ಜಯಂತ ಅವರಿಗೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಜಾಗ ಸಿಕ್ಕಿದೆ ಅಂದಳು. ಅವರ ಒಂದು ಆಫೀಸು ಇನ್ನೊಂದು ಆಫೀಸಿಗೆ ಏನೂ ಹೇಳುವುದಿಲ್ಲ ಅಂತ ಕಾಣುತ್ತದೆ. ಬಾಯಿ ತುಂಬ ಬೈಯಬೇಕು ಅಂತ ಎಷ್ಟು ದಿನದಿಂದ ಇಂಗ್ಲಿಷಿನಲ್ಲಿ ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಒಂದೂ ಬರಲಿಲ್ಲ. ಮೈ ಬ್ರದರ್ ಫಿನಿಶ್, ಸ್ಯಾನ್ ಡಿಯೇಗೊ, ಅಂದೆ.

ಅವಳು ಗಾಬರಿಯಾಗಿ ಮೂರು ಸಲ ಸಾರಿ ಹೇಳಿದಳು. ಹೆಸರು ಸರತಿಯಿಂದ ತೆಗೆಯಲೇ ಅಂತ ಕೇಳಿದಳು. ತೆಗಿ ಅಂದೆ. ಮುಂದೆ ಯಾರಿದ್ದಾರೆ ಅಂದೆ. ಅದನ್ನು ಹೇಳುವ ಹಾಗಿಲ್ಲವಂತೆ, ಅದಕ್ಕೂ ಒಂದು ಕಾಯ್ದೆ. ಆಗ ಅವಳಿಗೆ ಇನ್ನೊಂದು ಮಾತು ಹೇಳಿದೆ. ಅರ್ಥವಾಗಲಿಲ್ಲವೋ ಏನೋ, ಈಟ್? ಅಂತ ಕೇಳಿದಳು. ಯೆಸ್, ಈಟ್, ಅಂದೆ. ಓಕೆ ಮ್ಯಾಮ್ ಅಂದಳು.

‘ಯಾರದು ಲೀಲಾ?’ ಅಂತ ಒಳಗಿನಿಂದ ವೈನಿ.

‘ಅಣ್ಣನ ಸರತಿ ಬಂತಂತ.’

‘ಹಗಲಿನದಾ?’

‘ಹಗಲಿನದ. ಬೆಳಿಗ್ಗಿ ಹತ್ತಕ್ಕ.’

ಒಗ್ಗರಣೆಯ ಸದ್ದು ನಿಂತಿತು. ‘ಈಗ ಅದು ಯಾರಿಗೆ ಹೋಗುತ್ತೆ?’

‘ಗೊತ್ತಿಲ್ಲ. ಯಾರೋ ಕಾಯ್ಲಿಕ್ಕೆ ಹತ್ಯಾರ’ ಅಂದೆ. ‘ಉಂಡು ಕಾಯ್ರಿ ಅಂತ ಹೇಳಲಿಕ್ಕೆ ಹೇಳೇನಿ.’